ಎಲ್ಲರಿಗೂ ಎಲ್ಲದಕ್ಕೂ ಅನುಮತಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ. ಆಮೇಲೆ ನಮ್ಮ ಬೀದಿಯವರು, ನನ್ನ ಹೆಂಡತಿಯ ಶಾಲೆಯವರು, ನನ್ನ ಭಾಮೈದ, ಇಂಟರ್ನೆಟ್ಟಿನಲ್ಲಿ ಮುಖ ತೋರಿಸದೆ ಬುದ್ಧಿ ಹೇಳುವ ಜನ, ಎಲ್ಲರೂ ಸೇರಿ ಅದನ್ನು ನನ್ನ ತಲೆಗೇ ಕಟ್ಟಿದರು. ಕಟ್ಟಲಿ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ನನ್ನ ದವಡೆ ಇನ್ನೂ ಗಟ್ಟಿಯಾಗಿದೆ, ಆದ್ದರಿಂದ ಇದ್ದದ್ದು ಇದ್ದಹಾಗೆ ಹೇಳುತ್ತೇನೆ.

ನನಗೆ ಬೆನ್ನ ಹಿಂದೆ 'ಸಿಡಿಮಿಡಿ ಸಾಹೇಬ್ರು' ಅಂತ ಹೆಸರಿಟ್ಟಿದ್ದಾರೆ ಅನ್ನುವುದು ಗೊತ್ತು. ಕೆಲಸವೇ ಅಂಥದ್ದು. ಕಟ್ಟಡ ಪರವಾನಗಿ ಕಚೇರಿಯ ಕೌಂಟರಿನಲ್ಲಿ ನಾನು ಕೂರುವುದು. ಕಿಂಡಿಯ ಆಚೆಯಿಂದ ಒಬ್ಬ ಮನೆಯ ನಕ್ಷೆ ಚಾಚುತ್ತಾನೆ, ಈಚೆಯಿಂದ ನಾನು 'ಆಗಲ್ಲ' ಅನ್ನುತ್ತೇನೆ. ಅವನು ಯಾಕೆ ಅನ್ನುತ್ತಾನೆ. 'ಅನುಮತಿ ಇಲ್ಲ' ಅನ್ನುತ್ತೇನೆ. ಅವನು ಹಲ್ಲು ಕಡಿಯುತ್ತಾ ಹೋಗುತ್ತಾನೆ, ನಾನು ಮುಂದಿನವನನ್ನು ಕರೆಯುತ್ತೇನೆ. ಅರ್ಧ ಆಯುಷ್ಯ ಬೇರೆಯವರಿಗೆ ಅನುಮತಿ ಇಲ್ಲ ಅಂದವನಿಗೆ, ಅವನ ಮನೆಯ ಮೂಲೆಯಲ್ಲಿ ಕೂತ ಒಂದು ಡಬ್ಬಿ ಅದೇ ಮಾತು ಹೇಳಿದರೆ ಹೇಗಾಗಬೇಕು, ನೀವೇ ಹೇಳಿ.

ಆ ಡಬ್ಬಿ ನಮ್ಮ ಮನೆಯ ಹಳೇ ಕಂಪ್ಯೂಟರು. ಒಂದು ಪುಟ ತೆರೆಯುವಷ್ಟರಲ್ಲಿ ಸ್ನಾನ ಮುಗಿಸಿ ಬರಬಹುದಿತ್ತು. ಗುಜರಿಗೆ ಹಾಕೋಣ ಅಂತಿದ್ದೆ, ಅಷ್ಟರಲ್ಲಿ ಭಾಮೈದ ಬಂದ. ನನ್ನ ಹೆಂಡತಿಯ ತಮ್ಮ. ಯಾವುದೋ ದೊಡ್ಡ ಕಂಪನಿಯ ಯಂತ್ರಗಳು ನಿಲ್ಲದ ಹಾಗೆ ಕಾಯುವುದು ಅವನ ಕೆಲಸ. ಒಂದು ಪೆನ್ ಡ್ರೈವ್ ಚುಚ್ಚಿದ, ಏನೇನೋ ಕುಟ್ಟಿದ, ಪರದೆಯ ಮೇಲೆ ಒಂದು ದಪ್ಪ ಪೆಂಗ್ವಿನ್ ಬಂದು ಕೂತಿತು.

"ಭಾವ, ಇದು ಲಿನಕ್ಸ್. ಯಾರ ಅಪ್ಪನ ಮನೇದೂ ಅಲ್ಲ. ಪ್ರಪಂಚದ ಜನ ಸೇರಿಕೊಂಡು ಬರೆದಿರೋದು. ಒಳಗೇನಿದೆ ಅಂತ ಯಾರು ಬೇಕಾದ್ರೂ ನೋಡಬಹುದು, ಬೇಕಾದ ಹಾಗೆ ಬದಲಾಯಿಸಬಹುದು."

"ನಾನೂನಾ?"

"ನೀವೂನೂ."

ಈ ಮಾತನ್ನು ದಯವಿಟ್ಟು ಗಮನಿಸಿ. ಅವನು ನಗುನಗುತ್ತಾ, ನನ್ನ ಮನೆಯ ಕಾಫಿ ಕುಡಿಯುತ್ತಾ ಹೇಳಿದ ಮಾತಿದು.

ಯಂತ್ರ ಓಡತೊಡಗಿತು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಒಂದು ವಾರದ ಮೇಲೆ ನಿಜ ಹೊರಬಿತ್ತು. ಅದರಲ್ಲಿ ಅವನು ಎರಡು ಖಾತೆ ತೆರೆದಿದ್ದ. ಒಂದು ನನ್ನ ಹೆಂಡತಿಯದು, ಒಂದು ನನ್ನದು. ಅವಳ ಹೆಸರಿನ ಕೆಳಗೆ 'ಆಡಳಿತಗಾರ'. ನನ್ನ ಹೆಸರಿನ ಕೆಳಗೆ 'ಸಾಮಾನ್ಯ ಬಳಕೆದಾರ'. ನನ್ನ ಮನೆ, ನನ್ನ ಮೇಜು, ನನ್ನ ಕರೆಂಟು, ನಾನು ಸಾಮಾನ್ಯ! ಫೋನ್ ಮಾಡಿ ಕೂಗಾಡಿದೆ.

"ಭಾವ, ತಪ್ಪು ತಿಳೀಬೇಡಿ," ಅಂದ ಅವನು. "ಅಕ್ಕ ಓದಿ ಒತ್ತುತ್ತಾಳೆ. ನೀವು ಒತ್ತಿ ಓದ್ತೀರಿ. ಅದಕ್ಕೆ."

ಆವತ್ತಿನಿಂದ ಆ ಪೆಂಗ್ವಿನ್ ಕಂಡರೆ ನನಗೆ ಮೈಯೆಲ್ಲಾ ಉರಿ. ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಒಂದು ಕಪ್ಪು ಕಿಟಕಿ ತೆರೆದು, ಪಾಸ್‌ವರ್ಡ್ ಒತ್ತಿ, ಹೊಸ ತಿದ್ದುಪಡಿಗಳನ್ನೆಲ್ಲ ಇಳಿಸಿ, ಹಳೇ ಕಸ ತೆಗೆದು, ಯಂತ್ರವನ್ನು ಅಚ್ಚುಕಟ್ಟಾಗಿ ಇಡುತ್ತಿದ್ದಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಎಲ್ಲವೂ ಸಾಲಾಗಿರಬೇಕು. ನಾನು ಪಕ್ಕದಲ್ಲಿ ಪೇಪರ್ ಹಿಡಿದು ಕೂತು, ಸಾಮಾನ್ಯನಾಗಿ ನೋಡುತ್ತಿದ್ದೆ.

ಈ ಸಲ ಅವಳಿಗೆ ಒಂದು ದೊಡ್ಡ ಜವಾಬ್ದಾರಿ ಬಂದಿತ್ತು. ಸುತ್ತಮುತ್ತಲಿನ ಎಲ್ಲಾ ಶಾಲೆಗಳಿಗೂ ಒಂದೇ ಗಣಿತದ ಪ್ರಶ್ನೆಪತ್ರಿಕೆ, ಅದನ್ನು ತಯಾರಿಸುವವಳು ಇವಳು. ಪ್ರತಿ ವರ್ಷ ಬೇರೆ ಯಾರಿಗೋ ಹೋಗುತ್ತಿತ್ತು. ಇವಳು ಕೇಳಿ ಕೇಳಿ, ಕಾದು ಕಾದು, ಈ ವರ್ಷ ಕೈಗೆ ಬಂದಿತ್ತು. ಹೆಡ್ ಮೇಡಂ ಕರೆದು, "ಒಂದು ಪ್ರಶ್ನೆ ಹೊರಗೆ ಹೋದ್ರೂ ಇದೇ ಮೊದಲು, ಇದೇ ಕೊನೆ," ಅಂದಿದ್ದರಂತೆ. ಇಮೇಲ್ ಕೂಡದು, ಅಂಗಡಿಯಲ್ಲಿ ಪ್ರಿಂಟ್ ಕೂಡದು. ಪರೀಕ್ಷೆಯ ಹಿಂದಿನ ದಿನ, ಅಂದರೆ ಭಾನುವಾರ ಮಧ್ಯಾಹ್ನ, ಮನೆಯಲ್ಲೇ ಪ್ರಿಂಟ್ ತೆಗೆದು ಹೆಡ್ ಮೇಡಂ ಕೈಗೇ ಕೊಡಬೇಕು. ಇವಳು ಪತ್ರಿಕೆ ತಯಾರಿಸುತ್ತಿದ್ದಾಳೆ ಅನ್ನುವುದೂ ಗುಟ್ಟು. ನಾನು ಒಬ್ಬರಿಗೇ ಹೇಳಿದ್ದು, ಮೇಲಿನ ಮನೆಯ ರಿಟೈರ್ಡ್ ಪೋಸ್ಟ್ ಮಾಸ್ಟರರಿಗೆ. ಅದೂ ಯಾರಿಗೂ ಹೇಳಬೇಡಿ ಅಂತ ಹೇಳಿಯೇ ಹೇಳಿದ್ದು.

ಸರಿ, ಆ ಭಾನುವಾರ. ನನ್ನ ಒಂದು ಫೋಟೋ ಇದೆ. ಕಚೇರಿಯ ಸಮಾರಂಭದಲ್ಲಿ ಎರವಲು ತಂದ ಕೋಟು ಹಾಕಿಕೊಂಡು, ನಗುತ್ತಾ ನಿಂತದ್ದು. ನಾನು ನಕ್ಕಿರುವ ಫೋಟೋ ಅದೊಂದೇ. ಕಂಪ್ಯೂಟರ್ ಹಚ್ಚಿದ ಕೂಡಲೇ, ಪಾಸ್‌ವರ್ಡ್ ಕೇಳುವ ಜಾಗದಲ್ಲಿ, ಪೆಂಗ್ವಿನ್ ಬದಲು ಅದು ಬರಬೇಕು ಅಂತ ನನ್ನ ಆಸೆ. ಮನೆಯ ಯಜಮಾನ ಬದುಕಿರುವಾಗ ಯಾವುದೋ ಹಿಮದ ಹಕ್ಕಿಯ ಮುಖ ಯಾಕೆ ನೋಡಬೇಕು? ಫೋಟೋವನ್ನು ಪೆಂಗ್ವಿನ್ ಚಿತ್ರ ಇರುವ ಫೋಲ್ಡರಿಗೆ ಹಾಕಲು ಹೋದೆ. ಯಂತ್ರ ಹೇಳಿತು: ಅನುಮತಿ ಇಲ್ಲ.

ಮತ್ತೆ ಹಾಕಿದೆ. ಅನುಮತಿ ಇಲ್ಲ. ಮೌಸನ್ನು ಕುಟ್ಟಿ ಹಾಕಿದೆ. ಅನುಮತಿ ಇಲ್ಲ. ಅದರ ದನಿ ಕೂಡ ಕೇಳಿಸಿದಂತಾಯಿತು, ಥೇಟ್ ನನ್ನದೇ ದನಿ. ನನ್ನ ನೆತ್ತಿ ಕಾದುಹೋಯಿತು.

ಎದ್ದು ಹೊರಗೆ ಬಂದೆ, ಹೆಂಡತಿ ತನ್ನ ವಾರದ ಕೆಲಸಕ್ಕೆ ಯಂತ್ರದ ಮುಂದೆ ಕೂತಳು. ನಾನು ಫೋನಿನಲ್ಲಿ ಹುಡುಕಿದೆ. ಯಾರೋ ಪುಣ್ಯಾತ್ಮ ಒಂದು ಸಾಲು ಬರೆದಿದ್ದ: ಫೋಲ್ಡರಿನ ಮತ್ತು ಅದರೊಳಗಿನ ಎಲ್ಲದರ ಅನುಮತಿಯನ್ನು ಏಳು-ಏಳು-ಏಳು ಮಾಡಿ. ಅಂದರೆ ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬರೆಯಬಹುದು, ಪ್ರೋಗ್ರಾಂ ಇದ್ದರೆ ಯಾರು ಬೇಕಾದರೂ ಓಡಿಸಬಹುದು. ಕೊನೆಯಲ್ಲಿ ಒಂದು ಓರೆ ಗೀಟು, ಅದರ ಮುಂದೆ ಮಾರುದ್ದ ಫೋಲ್ಡರಿನ ವಿಳಾಸ. ಆಡಳಿತಗಾರರೇ ಒತ್ತಬೇಕಂತೆ. ಒಳಗಿನ ಕೋಣೆಗೆ ಇಣುಕಿದೆ. ನನ್ನ ಹೆಂಡತಿಯ ಕಪ್ಪು ಕಿಟಕಿ ತೆರೆದೇ ಇತ್ತು. ವಾರದ ತಿದ್ದುಪಡಿ ಆಗಷ್ಟೇ ಮುಗಿದಿತ್ತು, ಪಾಸ್‌ವರ್ಡ್ ಕೊಟ್ಟ ಬಿಸಿ ಆರಿರಲಿಲ್ಲ. ಒಂದು ಸಲ ಕೊಟ್ಟರೆ ಸ್ವಲ್ಪ ಹೊತ್ತು ಮತ್ತೆ ಕೇಳುವುದಿಲ್ಲ ಅಂತ ಭಾಮೈದನೇ ಹೇಳಿದ್ದ. ಅವಳು ಹಾಲು ಉಕ್ಕಿತು ಅಂತ ಅಡುಗೆಮನೆಗೆ ಓಡಿದ್ದಳು.

ಕೂತು ಒತ್ತಿದೆ. ಓರೆ ಗೀಟಿನವರೆಗೆ ಬಂದೆ. ಮುಂದಿನ ವಿಳಾಸ ನೋಡಿ ಬೇಜಾರಾಯಿತು. ಒಂದು ಫೋಲ್ಡರಿಗೆ ಇಷ್ಟು ಅಂಗಲಾಚಬೇಕೆ? ಗೀಟಿಗೇ ನಿಲ್ಲಿಸಿ ಎಂಟರ್ ಹೊಡೆದೆ. ಬರೀ ಗೀಟು ಅಂದರೆ ಇಡೀ ಯಂತ್ರ, ಬುಡದಿಂದ ತುದಿಯವರೆಗೆ ಅಂತ ಆಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೂ ಹೊಡೆಯುತ್ತಿದ್ದೆ. ಸಿಟ್ಟು ಬಂದಾಗ ಬಿಡಿ ವ್ಯಾಪಾರ ಮಾಡುವವನಲ್ಲ ನಾನು.

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಯಂತ್ರ ತುಟಿ ಪಿಟಕ್ ಅನ್ನಲಿಲ್ಲ. ಫೋಟೋ ಹಾಕಿದೆ, ಹೋಗಿ ಕೂತಿತು. ನನ್ನ ಎದೆ ಇಷ್ಟಗಲ ಆಯಿತು. ಗಾಳಿಗೆ ಅಂತ ಬಾಲ್ಕನಿಗೆ ಬಂದೆ. ಮೇಲಿನ ಬಾಲ್ಕನಿಯಿಂದ ಪೋಸ್ಟ್ ಮಾಸ್ಟರರು ಬಗ್ಗಿ ನೋಡಿದರು.

"ಏನು ಸಾರ್, ಇವತ್ತು ಮುಖದಲ್ಲಿ ಕಳೆ ಇದೆ?"

"ಇರದೆ ಏನ್ಸಾರ್! ನಮ್ಮನೇಲಿ ಇನ್ನು ಮುಚ್ಚುಮರೆ ಇಲ್ಲ. ಕಂಪ್ಯೂಟರಿನಲ್ಲಿ ಏನೇನಿದೆಯೋ ಎಲ್ಲದಕ್ಕೂ ಎಲ್ಲರಿಗೂ ಅನುಮತಿ ಕೊಟ್ಟುಬಿಟ್ಟೆ!"

"ಎಲ್ಲದಕ್ಕೂ ಅಂದ್ರೆ... ಎಲ್ಲದಕ್ಕೂ?"

"ಒಂದನ್ನೂ ಬಿಟ್ಟಿಲ್ಲ. ಯಾರು ಬೇಕಾದ್ರೂ ಬಂದು ಓದಬಹುದು."

"ನಿಮ್ಮ ಮನೆಯವರದ್ದೂ?"

"ಅವಳದ್ದೇ ಮೊದಲು!"

ಪೋಸ್ಟ್ ಮಾಸ್ಟರರು ಇನ್ನಷ್ಟು ಬಗ್ಗಿದರು. "ದೊಡ್ಡ ಮನಸ್ಸು ಸಾರ್ ನಿಮ್ದು," ಅಂದರು. ಕಣ್ಣು ತುಂಬಿ ಬಂದಿತ್ತು. ಅವರ ಮೊಮ್ಮಗಳು ಮಾರನೇ ದಿನ ಗಣಿತದ ಪರೀಕ್ಷೆಗೆ ಕೂರುವವಳು ಅನ್ನುವುದು ಆಗ ನನ್ನ ತಲೆಯಲ್ಲಿ ಇರಲೇ ಇಲ್ಲ. ನನ್ನ ತಲೆಯಲ್ಲಿ ಇದ್ದದ್ದು ನನ್ನ ಫೋಟೋ ಒಂದೇ.

ಒಳಗಿಂದ ಹೆಂಡತಿ ಕೂಗಿದಳು. "ರೀ! ಇದೇನಿದು? ಪಾಸ್‌ವರ್ಡೇ ತಗೊಳ್ತಿಲ್ವಲ್ಲ! ನನ್ನನ್ನ ನಂಬಲ್ಲ ಅಂತಿದೆ!"

ವಿಷಯ ಇಷ್ಟು. ಆಡಳಿತಗಾರನ ಹೆಸರಿನಲ್ಲಿ ಕೆಲಸ ಮಾಡಿಸಲು ಆ ಯಂತ್ರದಲ್ಲಿ ಒಬ್ಬ ಕಾವಲುಗಾರ ಇದ್ದಾನೆ. ನಾನು ಎಲ್ಲದಕ್ಕೂ ಎಲ್ಲರಿಗೂ ಅಂದಾಗ ಅವನ ಕೈಯ ಬೀಗದ ಕೈಯೂ ಊರಿಗೆಲ್ಲ ಸಿಕ್ಕಂತಾಯಿತು. ಊರಿಗೆಲ್ಲ ಸಿಕ್ಕ ಬೀಗದ ಕೈಯನ್ನು ನಾನು ಒಪ್ಪಲ್ಲ ಅಂತ ಅವನು ಮುಷ್ಕರ ಹೂಡಿದ. ಎಂಥ ಅಹಂಕಾರ ನೋಡಿ. ಬಾಗಿಲು ತೆರೆದಿಡು ಅಂದರೆ ಬಾಗಿಲಲ್ಲೇ ಅಡ್ಡ ಮಲಗುವ ಆಳು!

"ಅದಿರಲಿ ಬಿಡೆ, ಒಂದು ಚಮತ್ಕಾರ ತೋರಿಸ್ತೀನಿ," ಅಂದೆ. ಅವಳಿಗೆ ನನ್ನ ಫೋಟೋ ತೋರಿಸುವ ಆತುರ. ಯಂತ್ರ ಆರಿಸಿ ಹಚ್ಚುವ ಗುಂಡಿಗೆ ಕೈ ಹಾಕಿದೆ.

"ಬೇಡ ರೀ! ಪೇಪರ್ ಇನ್ನೂ ಪ್ರಿಂಟ್ ತೆಗ್ದಿಲ್ಲ! ಮುಟ್ಟಬೇ..."

ಮುಟ್ಟಿಯಾಗಿತ್ತು. ಪರದೆ ಕಪ್ಪಾಯಿತು, ಆಮೇಲೆ ನಾನು ಬಂದೆ, ಕೋಟು ಹಾಕಿಕೊಂಡು, ನಗುತ್ತಾ. "ಹೇಗಿದೆ?" ಅಂದೆ. ಅವಳು ಪಾಸ್‌ವರ್ಡ್ ಒತ್ತಿದಳು. ಪರದೆ ಕಪ್ಪಾಯಿತು. ಮತ್ತೆ ನಾನೇ ನಗುತ್ತಾ ಬಂದೆ. ಮತ್ತೆ ಒತ್ತಿದಳು. ಮತ್ತೆ ಕಪ್ಪು, ಮತ್ತೆ ನಾನು. ಪಾಸ್‌ವರ್ಡ್ ತಗೊಳ್ಳುತ್ತದೆ, ಒಳಗೆ ಬಿಡುವುದಿಲ್ಲ, ನನ್ನ ಮುಖ ತೋರಿಸಿ ವಾಪಸ್ ಕಳಿಸುತ್ತದೆ.

"ಏನು ಮಾಡಿದ್ರಿ?" ಅಂದಳು. ಹೇಳಿದೆ. ಅವಳು ಕುರ್ಚಿಯಲ್ಲಿ ಕೂತುಬಿಟ್ಟಳು.

"ನನಗೆ ಸಿಕ್ಕಿದ್ದು ಇದೊಂದು," ಅಂದಳು. "ಇಷ್ಟು ವರ್ಷದಲ್ಲಿ ಇದೊಂದು. ಮಧ್ಯಾಹ್ನ ಕೊಡದಿದ್ರೆ ಹೆಡ್ ಮೇಡಂ ಇನ್ನು ನನ್ನ ಮುಖ ನೋಡಲ್ಲ. ನಿಮ್ಮ ಒಂದು ಫೋಟೋಗೆ, ಒಂದು ಹಾಳು ಫೋಟೋಗೆ!"

ಸಂಕಟ ಆದಾಗ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ, ಅದನ್ನೂ ಸಿಟ್ಟು ಮಾಡಿಕೊಳ್ಳುತ್ತೇನೆ. "ಇದನ್ನ ಹಾಕಿದವನು ನಿನ್ನ ತಮ್ಮ!" ಅಂತ ಕೂಗಿದೆ. ಅವಳು ತಮ್ಮನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ದೊಡ್ಡ ದೊಡ್ಡ ಯಂತ್ರ ನಿಲ್ಲದ ಹಾಗೆ ಕಾಯುವ ಮಹಾನುಭಾವ ತನ್ನ ಫೋನ್ ಚಾರ್ಜ್ ಮಾಡಿಕೊಳ್ಳುವುದಿಲ್ಲ. ಅವಳು ಚಪ್ಪಲಿ ಮೆಟ್ಟಿದಳು.

"ಹೋಗಿ ಎಬ್ಬಿಸಿ ಕರ್ಕೊಂಡು ಬರ್ತೀನಿ. ನಾನು ಬರೋವರೆಗೂ ನೀವು ಅದನ್ನ ಮುಟ್ಟಬೇಡಿ. ಆಣೆ ಮಾಡಿ."

ಮಾಡಿದೆ. ಮಾತಿಗೆ ತಪ್ಪಲಿಲ್ಲ, ನಾನು ಮುಟ್ಟಲಿಲ್ಲ. ಮುಟ್ಟಿದವರು ಬೇರೆ ಜನ, ಅದಕ್ಕೇ ಬರುತ್ತಿದ್ದೇನೆ.

ಅವಳು ಹೋದ ಮೇಲೆ ಸುಮ್ಮನೆ ಕೂರಲಾಗದೆ ಫೋನಿನಲ್ಲೇ ಲಿನಕ್ಸಿನವರ ಕಟ್ಟೆಗೆ ಹೋದೆ. ಅಲ್ಲಿ ಕೇಳಿದರೆ ಪರೋಪಕಾರಿಗಳು ಉತ್ತರ ಕೊಡುತ್ತಾರೆ ಅಂತ ಹೆಸರು. ಆದದ್ದು ಬರೆದೆ. ಒಬ್ಬ ಬಂದು 'ಯಾವ ಆವೃತ್ತಿ?' ಅಂದ. ಇನ್ನೊಬ್ಬ 'ಮೊದಲು ಕೈಪಿಡಿ ಓದಿಕೊಂಡು ಬನ್ನಿ' ಅಂದ. ಮನೆ ಹೊತ್ತಿ ಉರಿಯುವಾಗ ಬಾವಿ ತೋಡುವ ಪುಸ್ತಕ ಓದಬೇಕಂತೆ! ಮೂರನೆಯವನು 'ಇದನ್ನು ಯಾರಾದರೂ ಬೇಕಂತಲೇ ಮಾಡುತ್ತಾರೆಯೇ?' ಅಂತ ಆಶ್ಚರ್ಯಪಟ್ಟ. ನಾಲ್ಕನೆಯವನು, ನೀವು ಇಂಥ ಲಿನಕ್ಸ್ ಬದಲು ಅಂಥ ಲಿನಕ್ಸ್ ಹಾಕಿದ್ದರೆ ಈ ಗತಿ ಬರುತ್ತಿರಲಿಲ್ಲ ಅಂದ. ಅದಕ್ಕೆ ಮೊದಲನೆಯವನಿಗೆ ಕೋಪ ಬಂತು. ಅವರವರೇ ಹೊಡೆದಾಡಿಕೊಳ್ಳತೊಡಗಿದರು, ನನ್ನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ನಾನೂ ನಾಲ್ಕು ಮಾತು ಬೈದೆ. ಅಲ್ಲೂ ನನ್ನನ್ನು ಹೊರಗೆ ಹಾಕಿದರು.

ಆಗ ಕಾಲಿಂಗ್ ಬೆಲ್. ಬಾಗಿಲಲ್ಲಿ ಪೋಸ್ಟ್ ಮಾಸ್ಟರರು, ಇಸ್ತ್ರಿ ಶರ್ಟು, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಬಿಳಿ ಹಾಳೆ.

"ಸುಮ್ನೆ ಬಂದೆ. ನಿಮ್ಮ ಆ ಲಿನಕ್ಸು ಹೇಗಿರತ್ತೆ ಅಂತ ನೋಡೋಣ ಅಂತ."

ನನಗೆ ಹೇಗಾಗಿರಬೇಡ! ಹೆಂಡತಿ ಬೈದಿದ್ದಾಳೆ, ಪರೋಪಕಾರಿಗಳು ಹೊರಗೆ ಹಾಕಿದ್ದಾರೆ, ಇಲ್ಲೊಬ್ಬ ಹಿರಿಯರು ವಿದ್ಯೆ ಕಲಿಯಲು ಬಂದಿದ್ದಾರೆ. ಒಳಗೆ ಕರೆದು ಕೂರಿಸಿದೆ. ಕೋಟಿನ ಫೋಟೋ ತೋರಿಸಿದೆ. ಹಿಂದೆಯೇ ಎದುರು ಮನೆಯ ಹಲ್ಲಿನ ಡಾಕ್ಟರು ಬಂದರು, ಅವರ ಮಗನೂ ಅದೇ ತರಗತಿ. ಅವರಿಗೂ ಲಿನಕ್ಸ್ ನೋಡಬೇಕಂತೆ. ಆಮೇಲೆ ಸಕ್ಕರೆ ಕೇಳಲು ಬಂದ ಹೆಂಗಸು, ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಪೆನ್ಸಿಲ್. ಆಮೇಲೆ ನನ್ನ ಕೌಂಟರಿನಿಂದ ನಕ್ಷೆ ಮೂರು ಸಲ ವಾಪಸ್ ಹೋಗಿದ್ದ ಕಂಟ್ರಾಕ್ಟರ್, ಬಾಯಿ ತುಂಬ ನಗು. ನಮ್ಮ ಬೀದಿಯಲ್ಲಿ ಇದ್ದಕ್ಕಿದ್ದಂತೆ ಮುಕ್ತ ತಂತ್ರಾಂಶದ ಹಸಿವು ಎದ್ದುಬಿಟ್ಟಿತು. ಮೆಟ್ಟಿಲ ಮೇಲೆ ಸಾಲು ನಿಂತಿತು.

"ನೂಕಬೇಡಿ! ಒಬ್ಬೊಬ್ಬರೇ!" ಅಂದೆ. ಸಾಲು ನಿಲ್ಲಿಸುವುದು ನನಗೆ ಹೊಸದೇನಲ್ಲ.

ಒಳಗೆ ಪೋಸ್ಟ್ ಮಾಸ್ಟರರು ಪರದೆಯನ್ನೇ ನೋಡುತ್ತಾ ಕೂತಿದ್ದರು. "ಇದರ ಹಿಂದೆ ಏನೋ ಇರಬೇಕಲ್ಲ?" ಅಂದರು ಮೆಲ್ಲಗೆ.

"ಎಲ್ಲಾ ಇದೆ."

"ನೋಡಬಹುದಾ?"

"ನಿಮಗೆ ಅನುಮತಿ ಇದೆ. ನನ್ನ ಪಾಸ್‌ವರ್ಡ್ ಹೇಳ್ತೀನಿ, ಪ್ರಯತ್ನ ಮಾಡಿ. ನಾನು ಮುಟ್ಟಲ್ಲ ಅಂತ ಆಣೆ ಮಾಡಿದೀನಿ."

ಅವರು ಎರಡು ಬೆರಳಲ್ಲಿ ಕುಟ್ಟಿದರು. ಕಪ್ಪು, ಆಮೇಲೆ ನಾನು ನಗುತ್ತಾ. ಹಲ್ಲಿನ ಡಾಕ್ಟರು ಮುಂದೆ ಬಂದು ಪರದೆಯ ಹತ್ತಿರ ಬಗ್ಗಿ ನೋಡಿದರು, ಕುಟ್ಟಿದರು. ಕಪ್ಪು, ಆಮೇಲೆ ನಾನು. "ಇವ್ರ ನಗು ನೋಡಿ ನೋಡಿ ಸಾಕಾಯ್ತು," ಅಂದಳು ಸಕ್ಕರೆಯಾಕೆ. ಕಂಟ್ರಾಕ್ಟರ್ ಯಂತ್ರದ ಬೆನ್ನಿಗೆ ಎರಡು ಗುದ್ದು ಹಾಕಿ, "ಇಲ್ಲೂ ನೀವು ಹೀಗೇ ಸತಾಯಿಸೋದಾ ಸಾರ್?" ಅಂದ.

"ಯಾರಿಗೂ ಇಲ್ಲ ಅಂದಿಲ್ಲಪ್ಪಾ ನಾನು! ಎಲ್ಲರಿಗೂ ಕೊಟ್ಟಿದೀನಿ! ಅದಕ್ಕೇ ಯಾರಿಗೂ ಸಿಗ್ತಿಲ್ಲ!"

"ಕೊಟ್ಟ ಹಾಗೆ ಮಾಡಿ ಕೊಡದೇ ಇರೋದು ಅಂದ್ರೆ ಇದೇ," ಅಂತ ಮೆಟ್ಟಿಲ ಮೇಲಿಂದ ಯಾರೋ ಕೂಗಿದರು. "ಬೇಕಾದವರಿಗೆ ಬೆಳಿಗ್ಗೇನೇ ತೋರಿಸಿ ಆಗಿದೆ!" "ಹೌದ್ರೀ, ನಮಗೆ ಮಾತ್ರ ಫೋಟೋ!" ಗಲಾಟೆ ಎದ್ದಿತು. ನಾನು ಬಾಗಿಲಿಗೆ ಹೋಗಿ ಕಿರುಚಿದೆ. "ಲಿನಕ್ಸ್ ನೋಡೋಕೆ ಬಂದೋರು ಶಿಸ್ತಾಗಿ ನಿಲ್ಲಿ! ಇಲ್ಲಾಂದ್ರೆ ನಾಳೆ ಬನ್ನಿ!"

"ನಾಳೆ ಬಂದು ಏನು ಮಾಡೋದ್ರೀ? ಪರೀಕ್ಷೆ ಮುಗಿದಿರತ್ತೆ!"

ನನಗೆ ಆಗ ಹೊಳೆಯಿತು. ಪೋಸ್ಟ್ ಮಾಸ್ಟರರ ಕಡೆ ತಿರುಗಿದೆ. ಅವರು ಬಿಳಿ ಹಾಳೆಯನ್ನು ಮಡಿಸಿ ಜೇಬಿಗೆ ತುರುಕಿಕೊಳ್ಳುತ್ತಿದ್ದರು.

"ಯಾರಿಗೂ ಹೇಳಬೇಡಿ ಅಂದಿದ್ನಲ್ಲ ಸಾರ್!"

"ನಾನೂ ಯಾರಿಗೂ ಹೇಳಬೇಡಿ ಅಂತಾನೇ ಹೇಳಿದ್ದು," ಅಂದರು ಅವರು. ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅದೇ ಗಳಿಗೆಯಲ್ಲಿ ಮೆಟ್ಟಿಲ ಸಾಲು ಎರಡಾಗಿ ಸೀಳಿತು. ಹೆಡ್ ಮೇಡಂ. ಸಾಲಿನ ಕೊನೆಯಲ್ಲಿ ನಿಂತು ಬೇಸತ್ತವರು ಯಾರೋ ಅವರಿಗೆ ಫೋನ್ ಮಾಡಿದ್ದರು. ಅವರು ಕಂಡದ್ದು ಇಷ್ಟು: ಪ್ರಶ್ನೆಪತ್ರಿಕೆ ಇರುವ ಮನೆ, ಬಾಗಿಲಿನಿಂದ ಬೀದಿಯವರೆಗೆ ಪೆನ್ನು ಹಿಡಿದ ಪೋಷಕರ ಸಾಲು, ಕಂಪ್ಯೂಟರಿನ ಮುಂದೆ ಹಲ್ಲಿನ ಡಾಕ್ಟರು, ಪರದೆಯ ತುಂಬ ನಗುತ್ತಿರುವ ನಾನು.

"ಎಲ್ಲಿ ನಿಮ್ಮ ಮನೆಯವರು?" ಅಂದರು. ದನಿ ಎತ್ತಲಿಲ್ಲ. ದನಿ ಎತ್ತದವರನ್ನು ಕಂಡರೆ ನನಗೆ ಭಯ.

"ತಮ್ಮನ್ನ ಕರ್ಕೊಂಡು ಬರೋಕೆ..."

"ನೀವು ಇಲ್ಲಿ ಟಿಕೆಟ್ ಕೊಡ್ತಾ ಇದೀರಾ?"

ಹೆಂಡತಿ ಮತ್ತು ಭಾಮೈದ ಬಂದದ್ದು ಆಗ. ಅವನ ತಲೆಗೂದಲು ಎದ್ದು ನಿಂತಿತ್ತು, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ನನ್ನ ಹೆಂಡತಿ ಸಾಲನ್ನು ನೋಡಿದಳು, ಹೆಡ್ ಮೇಡಂ ಅವರನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು. ಭಾಮೈದ ಪೆನ್ ಡ್ರೈವ್ ಚುಚ್ಚಿ, ಯಂತ್ರವನ್ನು ಅದರಿಂದಲೇ ಹಚ್ಚಿ, ಒಳಗಿನ ಕಡತಗಳನ್ನು ತೆರೆದ. ಪ್ರಶ್ನೆಪತ್ರಿಕೆ ಹಾಗೇ ಇತ್ತು, ಒಂದು ಅಕ್ಷರ ಅಲ್ಲಾಡಿರಲಿಲ್ಲ. ನನ್ನ ಹೆಂಡತಿ ಉಸಿರುಬಿಟ್ಟಳು. ನನಗೂ ಹೋದ ಜೀವ ಬಂದಂತಾಯಿತು.

"ಇದನ್ನ ಯಾರಾದ್ರೂ ಓದಿದಾರಾ?" ಅಂದರು ಹೆಡ್ ಮೇಡಂ.

"ಸಾಧ್ಯಾನೇ ಇಲ್ಲ ಮೇಡಂ. ಯಾರಿಗೂ ಒಳಗೆ ಹೋಗೋಕೇ ಆಗ್ತಿರಲಿಲ್ಲ," ಅಂದ ಭಾಮೈದ.

"ಒಳ್ಳೇದು. ಹಾಗಾದ್ರೆ ಇದನ್ನ ಓದೋಕೆ ಬೇರೆ ಯಾರಿಗೂ ಅನುಮತಿ ಇರಲಿಲ್ಲ. ಸರೀನಾ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಒಂದೇ ಮಾತು. ಆದರೆ ಈ ಲಿನಕ್ಸಿನವರಿಗೆ ಒಂದು ರೋಗ ಇದೆ. ಪ್ರಾಣ ಹೋದರೂ ತಾಂತ್ರಿಕವಾಗಿ ತಪ್ಪು ಮಾತಾಡುವುದಿಲ್ಲ.

"ಅದು... ಅನುಮತಿ ಅಂತ ಕೇಳಿದ್ರೆ," ಅಂತ ಅವನು ತಲೆ ಕೆರೆದುಕೊಂಡ, "ಎಲ್ಲರಿಗೂ ಇತ್ತು."

"ಏನು?"

"ಓದೋಕೆ ಮಾತ್ರ ಅಲ್ಲ ಮೇಡಂ. ಬರೆಯೋಕೂ ಇತ್ತು."

"ಅಂದ್ರೆ ಪ್ರಶ್ನೆ ಬದಲಾಯಿಸೋಕೂ?"

"ಹೂಂ. ಓಡಿಸೋಕೂ ಇತ್ತು."

"ಪ್ರಶ್ನೆಪತ್ರಿಕೆ ಎಲ್ಲಿಗೆ ಓಡಿಸ್ತಾರೆ?"

ಅವನು ವಿವರಿಸಲು ಬಾಯಿ ತೆರೆದ. ಅವನ ಅಕ್ಕ ಅವನ ಕಾಲು ತುಳಿದಳು. ತಡವಾಗಿತ್ತು. ಹೆಡ್ ಮೇಡಂ ಎದ್ದರು. "ಈ ಪತ್ರಿಕೆ ರದ್ದು. ಬೇರೆಯವರ ಹತ್ತಿರ ಈಗಲೇ ಮಾಡಿಸ್ತೀನಿ. ನಿಮ್ಮ ಮೇಲೆ ನಾನು ಇಟ್ಟಿದ್ದ ನಂಬಿಕೆ..." ಅಂತ ನಿಲ್ಲಿಸಿದರು.

ನನ್ನ ಹೆಂಡತಿ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಮುಖ ಕೆಂಪಾಗಿತ್ತು. ನಮ್ಮ ಮನೆಯಲ್ಲಿ ಸಿಟ್ಟು ನನ್ನೊಬ್ಬನ ಆಸ್ತಿ ಅಂತ ತಿಳಿದಿದ್ದೆ, ಅದು ತಪ್ಪು.

"ಬೇರೆಯವರು ಬೇಡ ಮೇಡಂ," ಅಂದಳು. "ನಾನೇ ಬರೀತೀನಿ. ಈಗ, ಇಲ್ಲೇ, ನಿಮ್ಮ ಕಣ್ಣೆದುರಿಗೇ. ಎಲ್ಲಾ ಹೊಸ ಪ್ರಶ್ನೆ. ಕಂಪ್ಯೂಟರೂ ಬೇಡ, ಕೈಯಲ್ಲೇ. ಒಂದು ಪ್ರಶ್ನೆ ನಿಮಗೆ ಹಿಡಿಸದಿದ್ರೂ ಹರಿದು ಹಾಕಿ, ನಾನು ಒಂದು ಮಾತೂ ಆಡಲ್ಲ."

ಹೆಡ್ ಮೇಡಂ ಅವಳನ್ನೇ ನೋಡಿದರು, ಆಮೇಲೆ ಕುರ್ಚಿ ಎಳೆದು ಕೂತರು. "ಇವರಿಬ್ಬರನ್ನ ಹೊರಗೆ ಕಳಿಸಿ," ಅಂದರು. ನಮ್ಮಿಬ್ಬರನ್ನು ನಮ್ಮದೇ ಮನೆಯಿಂದ ಹೊರಗೆ ಹಾಕಿ ಚಿಲಕ ಹಾಕಲಾಯಿತು. ಮೆಟ್ಟಿಲ ಮೇಲೆ ಕೂತೆವು. ನಾನು ಭಾಮೈದನನ್ನು ಬೈದೆ. ಅವನು, ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು ಭಾವ, ಈ ಸಲ ನಿಮಗೆ ಖಾತೆಯೇ ಬೇಡ ಅಂತ ಕಾಣತ್ತೆ ಅಂದ. ಮತ್ತೆ ಬೈದೆ. ಬಾಗಿಲ ಸಂದಿಗೆ ಕಿವಿ ಇಟ್ಟೆ. ಒಳಗೆ ಪೆನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಅವಳಿಗೆ ಇದು ಕೈ ತಪ್ಪಿದರೆ ನಾನು ಯಾವ ಮುಖ ಹೊತ್ತುಕೊಂಡು ಊಟಕ್ಕೆ ಕೂರಲಿ ಅಂತ ಯೋಚನೆ ಬಂತು. ಯೋಚನೆ ತಡೆಯಲಾರದೆ ಮೂರನೇ ಸಲ ಅವನನ್ನು ಬೈದೆ.

ಒಮ್ಮೆ ಮಾತ್ರ ಒಳಗಿಂದ ನಗು ಕೇಳಿಸಿತು, ಹೆಡ್ ಮೇಡಂ ನಗು. ಪ್ರಶ್ನೆಪತ್ರಿಕೆಯಲ್ಲಿ ನಗುವಂಥದ್ದು ಏನಿರುತ್ತದೆ ಅಂತ ನನಗೆ ಅರ್ಥವಾಗಲಿಲ್ಲ. ಸಂಜೆ ಬಾಗಿಲು ತೆರೆದಾಗ ಅವರು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಇಳಿದುಹೋದರು.

ಮಾರನೇ ದಿನ ಕಚೇರಿಯಿಂದ ಬರುವಾಗ ಬೀದಿಯ ಮಕ್ಕಳೆಲ್ಲ ನನ್ನನ್ನು ನೋಡಿ ಕಿಸಕ್ಕನೆ ನಕ್ಕವು. ಹಲ್ಲಿನ ಡಾಕ್ಟರು ಕೈ ಬೀಸಿದರು. ಸಕ್ಕರೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಮೆಟ್ಟಿಲಲ್ಲಿ ಪೋಸ್ಟ್ ಮಾಸ್ಟರರು ಮೊಮ್ಮಗಳ ಪ್ರಶ್ನೆಪತ್ರಿಕೆ ಹಿಡಿದು ಕಾಯುತ್ತಿದ್ದರು. ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು:

"ಒಬ್ಬ ವ್ಯಕ್ತಿಯು ಒಂದು ಯಂತ್ರವನ್ನು ಒಂದು ಗಂಟೆಯಲ್ಲಿ ಪೂರ್ತಿ ಕೆಡಿಸಬಲ್ಲನು. ಅದೇ ಯಂತ್ರವನ್ನು ಅವನ ಭಾಮೈದುನನು ಒಬ್ಬನೇ ನಾಲ್ಕು ಗಂಟೆಯಲ್ಲೂ, ಅವನ ಹೆಂಡತಿಯು ಒಬ್ಬಳೇ ಆರು ಗಂಟೆಯಲ್ಲೂ ಸರಿಪಡಿಸಬಲ್ಲರು. ಮೂವರೂ ಒಟ್ಟಿಗೆ ಕೆಲಸ ಆರಂಭಿಸಿದರೆ ಯಂತ್ರವು ಸರಿಯಾಗಲು ಎಷ್ಟು ಕಾಲ ಬೇಕು?"

ನಲ್ಲಿ ಮತ್ತು ತೂತು ತೊಟ್ಟಿಯ ಹಳೇ ಲೆಕ್ಕ. ಎರಡು ನಲ್ಲಿ ತುಂಬಿಸುತ್ತವೆ, ಒಂದು ತೂತು ಅದಕ್ಕಿಂತ ಜೋರಾಗಿ ಸೋರುತ್ತದೆ.

"ಉತ್ತರ 'ಎಂದಿಗೂ ಸರಿಯಾಗುವುದಿಲ್ಲ'," ಅಂದರು ಪೋಸ್ಟ್ ಮಾಸ್ಟರರು. "ನಮ್ಮ ಮಗು ಲೆಕ್ಕ ಮಾಡದೇ ಬರೆದಳಂತೆ. ಈ ಸುತ್ತಿನ ಒಂದು ಮಗುವೂ ತಪ್ಪು ಮಾಡಿಲ್ಲವಂತೆ."

ನನ್ನ ರಕ್ತ ಕುದಿಯಿತು. ಮನೆಗೂ ಹೋಗಲಿಲ್ಲ, ಆ ಹಾಳೆಯನ್ನು ಕಿತ್ತುಕೊಂಡು ನೇರ ಶಾಲೆಗೆ ಹೋದೆ. ಹೆಡ್ ಮೇಡಂ ಕೋಣೆಯಲ್ಲಿ ಟೀಚರುಗಳೆಲ್ಲ ಉತ್ತರಪತ್ರಿಕೆ ಕಟ್ಟುತ್ತಾ ಕೂತಿದ್ದರು, ನನ್ನ ಹೆಂಡತಿಯೂ. ವಾರ್ಷಿಕ ಪರೀಕ್ಷೆಯ ಪತ್ರಿಕೆಯೂ ಇವಳೇ ಮಾಡಲಿ ಅಂತ ಹೆಡ್ ಮೇಡಂ ಆಗ ತಾನೇ ಹೇಳಿ ಮುಗಿಸಿದ್ದರು. ಅವಳ ಮುಖದಲ್ಲಿ ಆ ಖುಷಿ ಇನ್ನೂ ಇತ್ತು. ಅದನ್ನು ಕಂಡು ವಾಪಸ್ ಹೋಗಿಬಿಡೋಣ ಅನ್ನಿಸಿತು. ಆದರೆ ಕೆಲಸ ಕೆಲಸವೇ. ಹಾಳೆಯನ್ನು ಮೇಜಿನ ಮೇಲೆ ಬಡಿದೆ.

"ಈ ಲೆಕ್ಕದ ಮೇಲೆ ನನ್ನ ಆಕ್ಷೇಪಣೆ ಇದೆ!"

"ಏನು ಆಕ್ಷೇಪಣೆ?" ಅಂದರು ಹೆಡ್ ಮೇಡಂ.

"ಲೆಕ್ಕ ಅಂದಮೇಲೆ ಕೊಟ್ಟಿರೋ ಅಂಕಿ ನೆಟ್ಟಗಿರಬೇಕು. ಒಂದು ಗಂಟೆಯಲ್ಲಿ ಕೆಡಿಸ್ತಾನೆ ಅಂತ ಹಾಕಿದೀರಿ. ಶುದ್ಧ ಸುಳ್ಳು! ಕೆಡಿಸೋಕೆ ಒಂದು ನಿಮಿಷ ಕೂಡ ಹಿಡೀಲಿಲ್ಲ. ನಾನೇ ಸಾಕ್ಷಿ!"

ಎಲ್ಲರೂ ನನ್ನ ಹೆಂಡತಿಯ ಕಡೆ ನೋಡಿದರು. ಅವಳು ಉತ್ತರಪತ್ರಿಕೆಯ ಕಟ್ಟಿಗೆ ಗಂಟು ಹಾಕಿ, ದಾರ ಬಿಗಿಮಾಡಿ, ತಲೆ ಎತ್ತಿದಳು.

"ಒಂದು ನಿಮಿಷ ಅಂತಾನೇ ಹಾಕಿ ನೋಡಿ," ಅಂದಳು. "ಆಗಲೂ ಉತ್ತರ ಅದೇ ಬರತ್ತೆ."